ಕುಲ್ಫಿ: ಹೆಸರಲ್ಲೇ ಬೀಗ ಇದೆ

ಮರಾಠಿಯಲ್ಲಿ ಬೀಗಕ್ಕೆ ‘ಕುಲೂಪ್’ ಅನ್ನುತ್ತಾರೆ. ಬೆಳಗಾವಿ ಕಡೆಯವರಿಗೆ ಈ ಪದ ಚೆನ್ನಾಗಿ ಗೊತ್ತು. ಕುಲ್ಫಿ ಕೂಡ ಅದೇ ಮನೆತನದ್ದು. ಬೀಗ ಎಂಬ ಅರ್ಥದ ಅರಬ್ಬಿ ಪದ ‘ಕುಫ್ಲ್’ ಎರಡಕ್ಕೂ ಮೂಲ.

ಪಾರ್ಸಿಯಲ್ಲಿ ‘ಕುಲ್ಫಿ’ ಅಂದರೆ ಮುಚ್ಚಳ ಇರುವ ಬಟ್ಟಲು. ಅಂದರೆ ಅದು ಮೊದಲು ಪಾತ್ರೆಯ ಹೆಸರು, ಆಮೇಲೆ ತಿನಿಸಿನದು. ಕಾವಲಿಯ ಗುಳಿಯಿಂದ ನಮ್ಮ ಗುಳಿಯಪ್ಪಕ್ಕೆ ಹೆಸರು ಬಂತಲ್ವಾ, ಹಾಗೆ. ಈ ಲೆಕ್ಕದಲ್ಲಿ ‘ಮಟ್ಕಾ ಕುಲ್ಫಿ’ ಅಂದರೆ ಸುಮ್ನೆ ‘ಮಡಕೆ ಬಟ್ಟಲು’ ಅಂದ ಹಾಗಾಯಿತು!

ಬಟ್ಟಲಿಗೆ ಮುಚ್ಚಳ ಯಾಕೆ ಬೇಕಿತ್ತು? ಸಿಹಿ ಹಾಲನ್ನು ಬರೀ ಐಸಿನಲ್ಲಿ ಇಟ್ಟರೆ ತಣ್ಣಗಾಗುತ್ತದೆ, ಕಲ್ಲಿನಂತೆ ಗಟ್ಟಿಯಾಗುವುದಿಲ್ಲ. ಕರಗುತ್ತಿರುವ ಐಸು ಸೊನ್ನೆ ಡಿಗ್ರಿಯಲ್ಲಿರುತ್ತದೆ. ಸಕ್ಕರೆ ಬೆರೆತ ಹಾಲಿಗೆ ಅದಕ್ಕಿಂತ ಜಾಸ್ತಿ ಚಳಿ ಬೇಕು. ಪುಡಿ ಮಾಡಿದ ಐಸಿಗೆ ಉಪ್ಪು ಸುರಿದರೆ ಅದು ಬೇಗ ಬೇಗ ಕರಗತೊಡಗುತ್ತದೆ. ಕರಗಲು ಬೇಕಾದ ಶಾಖವನ್ನು ಸುತ್ತಲಿಂದ ಎಳೆದುಕೊಳ್ಳುತ್ತದೆ. ಅಳತೆ ಸರಿಯಾಗಿದ್ದರೆ ಸೊನ್ನೆಗಿಂತ 21 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೂ ಇಳಿಯಬಹುದು. ಆದರೆ ಆ ಉಪ್ಪುನೀರಿನ ಒಂದು ಹನಿ ಒಳಗೆ ಹೋದರೂ ಕೇಸರಿ ಪಿಸ್ತಾ ಎಲ್ಲಾ ದಂಡ. ಅದಕ್ಕೇ ಮುಚ್ಚಳ ಹಾಕಿ, ಸಂದಿಗೆ ಗೋಧಿ ಹಿಟ್ಟಿನ ಕಣಕ ಮೆತ್ತಿ ಭದ್ರ ಮಾಡುತ್ತಿದ್ದರು. ಬೀಗ ಅಂದರೆ ಇದೇ.

ಕುಲ್ಫಿಯನ್ನು ಸಾಮಾನ್ಯವಾಗಿ ಮೊಘಲರ ಅಡುಗೆಮನೆಗೆ ಜೋಡಿಸುತ್ತಾರೆ. ಅಲ್ಲಿ ತಂಪು ಮಾಡುವುದೇ ಒಂದು ದೊಡ್ಡ ಇಲಾಖೆಯಾಗಿತ್ತು. ಅಕ್ಬರನ ಆಸ್ಥಾನದಲ್ಲಿ ಪೆಟ್ಲುಪ್ಪಿನಿಂದ ಕುಡಿಯುವ ನೀರನ್ನು ತಣಿಸುತ್ತಿದ್ದ ರೀತಿಯನ್ನು ಅಬುಲ್ ಫಜಲ್ ಅಳತೆ ಸಮೇತ ಬರೆದಿಟ್ಟಿದ್ದಾನೆ. ಒಂದು ಸೇರು ನೀರು ತುಂಬಿ ಬಾಯಿ ಮುಚ್ಚಿದ ಹೂಜಿ. ಅದನ್ನು ತಿರುಗಿಸಲು ಐದು ಸೇರು ನೀರಿಗೆ ಎರಡೂವರೆ ಸೇರು ಪೆಟ್ಲುಪ್ಪು ಹಾಕಿದ ಪಾತ್ರೆ. ಮದ್ದಿನ ಪುಡಿಯಲ್ಲಿ ಬೆಂಕಿ ಕಾರುವ ವಸ್ತು ಇಲ್ಲಿ ತಂಪು ಕೊಡುತ್ತದಲ್ಲ ಎಂಬ ಬೆರಗು ಅವನಿಗೂ ಇತ್ತು. ನೋಡಿ, ಇಲ್ಲೂ ಬಾಯಿ ಮುಚ್ಚಿದ ಪಾತ್ರೆಯೇ! ಆದರೆ ಪೆಟ್ಲುಪ್ಪಿನ ಈ ಉಪಾಯ ನೀರು ತಣಿಸಲು ಸಾಕು, ಹಾಲು ಗಟ್ಟಿ ಮಾಡಲು ಸಾಲದು. 1580ರ ದಶಕದಲ್ಲಿ ಆಸ್ಥಾನ ಪಂಜಾಬಿಗೆ ಹೋದ ಮೇಲೆ ಉತ್ತರದ ಬೆಟ್ಟಗಳಿಂದ ಲಾಹೋರಿಗೆ ಐಸು ಬರತೊಡಗಿತು. ದೋಣಿಯಲ್ಲಿ, ಗಾಡಿಯಲ್ಲಿ, ಆಳುಗಳ ತಲೆಯ ಮೇಲೆ.

ಕುಲ್ಫಿಯನ್ನು ‘ನಮ್ಮ ದೇಶದ ಐಸ್‌ಕ್ರೀಮ್’ ಅನ್ನುವುದು ರೂಢಿ. ನನಗೆ ಅದು ಅಷ್ಟು ಸರಿ ಅನ್ನಿಸುವುದಿಲ್ಲ. ಐಸ್‌ಕ್ರೀಮನ್ನು ಹೆಪ್ಪುಗಟ್ಟುವಾಗಲೇ ಕಡೆಯುತ್ತಾರೆ, ಗಾಳಿ ಸೇರಿ ಹಗುರಾಗುತ್ತದೆ. ಬೀಗ ಹಾಕಿದ ಬಟ್ಟಲಲ್ಲಿ ಕಡೆಯುವುದೆಲ್ಲಿಂದ? ಹಾಗಾಗಿ ಕುಲ್ಫಿಯ ಕೆಲಸವೆಲ್ಲ ಒಲೆಯ ಮೇಲೇ ಮುಗಿಯಬೇಕು. ಹಾಲನ್ನು ಬತ್ತಿಸಿ ಬತ್ತಿಸಿ, ತಳಕ್ಕೆ ಅಂಟಿದ್ದನ್ನು ಕೆರೆದು ಸೇರಿಸಿ, ಆಮೇಲೆ ಅಚ್ಚಿಗೆ ಸುರಿಯುವುದು. ನೀರಿನಂಶ ಕಡಿಮೆಯಾದ್ದರಿಂದ ಐಸಿನ ಹರಳು ಜಾಸ್ತಿ ಕಟ್ಟುವುದಿಲ್ಲ. ಗಾಳಿ ಇಲ್ಲದ್ದರಿಂದ ಬೇಗ ಕರಗುವುದೂ ಇಲ್ಲ.

ರಾತ್ರಿ ಗಂಟೆ ಬಾರಿಸುತ್ತಾ ಬರುವ ಕುಲ್ಫಿಯವನ ಮಡಕೆಯಲ್ಲೂ ಇದೇ ಐಸು, ಇದೇ ಉಪ್ಪು. ಕಣಕದ ಜಾಗಕ್ಕೆ ಈಗ ರಬ್ಬರ್ ರಿಂಗು ಬಂದಿದೆ. ಅಚ್ಚನ್ನು ಎರಡು ಅಂಗೈ ನಡುವೆ ಗರಗರ ಉಜ್ಜಿ, ಕಡ್ಡಿ ಚುಚ್ಚಿ ಎಳೆಯುತ್ತಾನೆ.