ಮುಳ್ಳು, ರೀಲು ಮತ್ತು ಮುಚ್ಚಿಹೋದ ಕಾರ್ಖಾನೆಗಳು

2020ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಬ್ಯಾನಿಂಗ್ ಎಂಬಲ್ಲಿದ್ದ ಅಪೋಲೋ ಮಾಸ್ಟರ್ಸ್ ಕಾರ್ಖಾನೆ ಸುಟ್ಟುಹೋಯಿತು. ಅಲ್ಲಿ ತಯಾರಾಗುತ್ತಿದ್ದದ್ದು ಲ್ಯಾಕರ್ ತಟ್ಟೆ, ಅಂದರೆ ನೈಟ್ರೋಸೆಲ್ಯುಲೋಸ್ ಲೇಪವಿರುವ ಅಲ್ಯೂಮಿನಿಯಂ ಬಿಲ್ಲೆ. ವಿನೈಲ್ ರೆಕಾರ್ಡಿನ ಮೊದಲ ಗೆರೆಯನ್ನು ಸಾಮಾನ್ಯವಾಗಿ ಕೊರೆಯುವುದು ಇದರ ಮೇಲೆ. ಆ ಹೊತ್ತಿಗೆ ಜಗತ್ತಿನಲ್ಲಿ ಇದನ್ನು ಮಾಡುವ ಕಾರ್ಖಾನೆಗಳು ಎರಡೇ, ಇನ್ನೊಂದು ಜಪಾನಿನದು. ಅದೇ ವರ್ಷ ಅಮೆರಿಕದಲ್ಲಿ ವಿನೈಲ್ ವಹಿವಾಟು 1980ರ ದಶಕದ ನಂತರ ಮೊದಲ ಸಲ ಸಿ.ಡಿ.ಯನ್ನು ಹಿಂದೆ ಹಾಕಿತು. ಕೊಳ್ಳುವವರು ಕೆಲವೇ ವರ್ಷಗಳಲ್ಲಿ ಮರಳಿ ಬಂದರು. ಕಳಚಿ ಗುಜರಿಗೆ ಹಾಕಿದ್ದ ಯಂತ್ರಗಳು, ರಾಸಾಯನಿಕಗಳು, ಕಸುಬುದಾರರು ಅಷ್ಟು ಬೇಗ ಬರಲಿಲ್ಲ. ಕ್ಯಾಮೆರಾದ ಫಿಲ್ಮಿನ ಕಥೆಯೂ ಇದೇ.

ಕೊಲಂಬಿಯಾ ಕಂಪನಿ 1948ರಲ್ಲಿ ನಿಮಿಷಕ್ಕೆ 33⅓ ಸುತ್ತಿನ ಎಲ್‌ಪಿ (ಲಾಂಗ್ ಪ್ಲೇ) ರೆಕಾರ್ಡ್ ತಂದಿತು. 1982ರಲ್ಲಿ ಸಿ.ಡಿ. ಬಂದ ಮೇಲೆ ರೆಕಾರ್ಡ್ ಒತ್ತುವ ಪ್ರೆಸ್ಸುಗಳು ಒಂದೊಂದಾಗಿ ನಿಂತವು. ಬೇಡಿಕೆ ಮತ್ತೆ ಏರಿದಾಗಲೂ ಬಹುಕಾಲ ದುಡಿದದ್ದು ಆ ಹಳೆಯ ಯಂತ್ರಗಳೇ. ಹೊಸ ಪ್ರೆಸ್ಸುಗಳ ತಯಾರಿಕೆ ಶುರುವಾಗಿದ್ದು 2010ರ ದಶಕದ ನಡುವಿನಲ್ಲಿ.

ಕೊರೆದ ಲ್ಯಾಕರಿಗೆ ಬೆಳ್ಳಿ ಸಿಂಪಡಿಸಿ, ನಿಕಲ್ ಲೇಪನದ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಬಿಡಿಸಿ ತೆಗೆದ ನಿಕಲ್ ಅಚ್ಚು ‘ಫಾದರ್’. ಅದರಿಂದ ‘ಮದರ್’, ಅದರಿಂದ ‘ಸ್ಟ್ಯಾಂಪರ್’. ಒಂದು ಸ್ಟ್ಯಾಂಪರ್ ಸುಮಾರು 1000 ರೆಕಾರ್ಡ್ ಒತ್ತುವಷ್ಟರಲ್ಲಿ ಸವೆಯುತ್ತದೆ. ಕಾದ ಪಿ.ವಿ.ಸಿ. ಮುದ್ದೆ ಗೆರೆಯ ತಳದವರೆಗೆ ಹರಿಯದಿದ್ದರೆ ಬಟ್ಟೆ ಹರಿದಂಥ ಸದ್ದು ಉಳಿಯುತ್ತದೆ. ಸಾಕಷ್ಟು ತಣಿಯುವ ಮೊದಲೇ ಪ್ರೆಸ್ ತೆರೆದರೆ ತಟ್ಟೆ ಸೊಟ್ಟಗಾಗುತ್ತದೆ. 180 ಗ್ರಾಂ ತೂಕದ ರೆಕಾರ್ಡಿಗೆ ಹೆಚ್ಚು ಹಣ ಕೇಳುತ್ತಾರೆ, ಆದರೆ ತೂಕದಿಂದ ಧ್ವನಿ ಉತ್ತಮವಾಗುವುದಿಲ್ಲ. ಧ್ವನಿ ನಿರ್ಧಾರವಾಗುವುದು ಕೊರೆತದಲ್ಲಿ, ಅಚ್ಚಿನಲ್ಲಿ.

ರೆಕಾರ್ಡಿನ ಹೊರ ಅಂಚಿನಲ್ಲಿ ಪ್ಲೇಯರಿನ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಗೆರೆ ಹಾಯುತ್ತದೆ, ಕೊನೆಯ ಹಾಡಿನ ಹೊತ್ತಿಗೆ ಸುಮಾರು 21. ಅಷ್ಟೇ ಹೊತ್ತಿನ ಧ್ವನಿ ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ತುಂಬಬೇಕಾದ್ದರಿಂದ ಅಲ್ಲಿ ‘ಸ’, ‘ಶ’ಗಳು ಒಡೆದು ಕೇಳಿಸುತ್ತವೆ. ರೆಕಾರ್ಡ್ ಸವೆದೀತೆಂದು ಮುಳ್ಳಿನ ಭಾರ ಇಳಿಸುವುದು ಸಾಮಾನ್ಯ ತಪ್ಪು. ತಯಾರಕರು ಹೇಳಿದ್ದಕ್ಕಿಂತ ಹಗುರಾದರೆ (ಮುಳ್ಳನ್ನು ಹಿಡಿದಿರುವ ಅನೇಕ ಕಾರ್ಟ್ರಿಜ್‌ಗಳಿಗೆ 2 ಗ್ರಾಂ ಆಸುಪಾಸು) ಮುಳ್ಳು ಜಿಗಿದು ಗೆರೆಯ ಗೋಡೆಯನ್ನೇ ಕೆತ್ತುತ್ತದೆ.

ಫಿಲ್ಮಿನ ಲೋಕದಲ್ಲಿ ಯಾವುದು ಮರಳಿತು, ಯಾವುದು ಮರಳಲಿಲ್ಲ ಎಂಬುದಕ್ಕೆ ರಸಾಯನಶಾಸ್ತ್ರದಲ್ಲೇ ಉತ್ತರವಿದೆ. ಕೊಡಾಕ್ ಕಂಪನಿ 1935ರಲ್ಲಿ ತಂದ ಬಣ್ಣದ ಫಿಲ್ಮ್ ಕೊಡಾಕ್ರೋಮ್‌ನೊಳಗೆ ಬಣ್ಣ ಕಟ್ಟುವ ರಾಸಾಯನಿಕಗಳಾದ ಕಪ್ಲರ್‌ಗಳು ಇರಲಿಲ್ಲ. ಅವನ್ನು ಸಂಸ್ಕರಣೆಯ ಹಂತ ಹಂತದಲ್ಲಿ ಸೇರಿಸಬೇಕಿತ್ತು. ಅಷ್ಟು ಜಟಿಲವಾದ ಲ್ಯಾಬುಗಳು ಮುಚ್ಚಿದ ಮೇಲೆ ಫಿಲ್ಮ್ ಮಾಡಿದರೂ ತೊಳೆಯುವವರಿಲ್ಲ. 2009ರಲ್ಲಿ ತಯಾರಿಕೆ ನಿಂತಿತು, ಮತ್ತೆ ಬರಲಿಲ್ಲ. 2012ರಲ್ಲಿ ನಿಂತ ಕೊಡಾಕ್‌ನ ಇನ್ನೊಂದು ಬಣ್ಣದ ಫಿಲ್ಮ್ ಎಕ್ಟಾಕ್ರೋಮ್ 2018ರಲ್ಲಿ ಮರಳಿತು. ಅದರ ಕಪ್ಲರ್‌ಗಳು ಫಿಲ್ಮಿನಲ್ಲೇ ಇವೆ, ಅದಕ್ಕೆ ಬೇಕಾದ ಇ-6 ಸಂಸ್ಕರಣೆ ಲ್ಯಾಬುಗಳಲ್ಲಿ ಜೀವಂತವಾಗಿತ್ತು.

ಪೋಲರಾಯ್ಡ್ 2008ರಲ್ಲಿ ಇನ್‌ಸ್ಟಂಟ್ ಫಿಲ್ಮ್ (ತೆಗೆದ ಮೇಲೆ ತಾನಾಗಿ ಚಿತ್ರ ಮೂಡುವ ಫಿಲ್ಮ್) ಕೈಬಿಟ್ಟಾಗ ನೆದರ್ಲೆಂಡ್ಸ್‌ನ ಎನ್‌ಸ್ಕೆಡೆ ಕಾರ್ಖಾನೆಯ ಯಂತ್ರಗಳನ್ನು ‘ಇಂಪಾಸಿಬಲ್ ಪ್ರಾಜೆಕ್ಟ್’ ತಂಡ ಉಳಿಸಿಕೊಂಡಿತು. ಮೂಲ ರಾಸಾಯನಿಕಗಳ ತಯಾರಿಕೆಯೇ ನಿಂತಿದ್ದರಿಂದ ಸೂತ್ರವನ್ನು ಹೊಸದಾಗಿ ಕಟ್ಟಬೇಕಾಯಿತು. 2010ರ ಮೊದಲ ಫಿಲ್ಮುಗಳು ಕ್ಯಾಮೆರಾದಿಂದ ಹೊರಬಂದ ಕ್ಷಣವೇ ಬೆಳಕಿಗೆ ಮರೆಮಾಡಬೇಕಾದಂಥವು. ಬೆಳಕು ತಡೆಯುವ ಪದರ ಇನ್ನೂ ಪಕ್ವವಾಗಿರಲಿಲ್ಲ.

ಕಪ್ಪು-ಬಿಳುಪು ಫಿಲ್ಮಿಗೆ ಇಂಥ ಸಂಕಟವಿಲ್ಲ. ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಅನ್ನು ಸಮಪಾಲು ನೀರು ಬೆರೆಸಿದ ಐಡಿ-11 ಡೆವಲಪರ್‌ನಲ್ಲಿ (ಚಿತ್ರ ಮೂಡಿಸುವ ದ್ರಾವಣ) 20 ಡಿಗ್ರಿ ಸೆಲ್ಸಿಯಸ್‌ಗೆ 13 ನಿಮಿಷ ಇಟ್ಟು, ಪ್ರತಿ ನಿಮಿಷಕ್ಕೆ 10 ಸೆಕೆಂಡು ತಿರುವಿ, ಅದನ್ನು ನಿಲ್ಲಿಸುವ ಸ್ಟಾಪ್, ಚಿತ್ರವನ್ನು ಸ್ಥಿರಗೊಳಿಸುವ ಫಿಕ್ಸರ್, ತೊಳೆತ ಮಾಡಿದರೆ ನೆಗೆಟಿವ್ ಸಿದ್ಧ. ಬಣ್ಣದ ನೆಗೆಟಿವ್‌ಗಳ ಸಿ-41 ಸಂಸ್ಕರಣೆ ಮಾತ್ರ ಕಟ್ಟುನಿಟ್ಟು: ಡೆವಲಪರ್‌ನಲ್ಲಿ 37.8 ಡಿಗ್ರಿಯಲ್ಲಿ 3 ನಿಮಿಷ 15 ಸೆಕೆಂಡು. ತಾಪ ಏರುಪೇರಾದರೆ ಮೂರು ಬಣ್ಣದ ಪದರಗಳು ಬೇರೆಬೇರೆ ವೇಗದಲ್ಲಿ ಬೆಳೆದು, ನೆರಳಿಗೊಂದು ಬೆಳಕಿಗೊಂದು ಛಾಯೆ ಕೂರುತ್ತದೆ. ಅದನ್ನು ಪ್ರಿಂಟಿನಲ್ಲಿ ಪೂರ್ತಿ ಸರಿಪಡಿಸಲಾಗದು.

ಇನ್ನು ಕ್ಯಾಮೆರಾ. ಹಿಂಬದಿ ಬಾಗಿಲಿನ ಫೋಮ್ ಅಂಟಾಗಿ ಕರಗಿ ಬೆಳಕು ನುಸುಳುತ್ತದೆ. 1.35 ವೋಲ್ಟ್ ಪಾದರಸದ ಸೆಲ್ಲಿಗೆಂದು ಮಾಡಿದ, ಬೆಳಕು ಅಳೆಯುವ ಅನೇಕ ಮೀಟರುಗಳು 1.5 ವೋಲ್ಟ್ ಆಲ್ಕಲೈನ್ ಸೆಲ್ ಹಾಕಿದರೆ ಇರುವುದಕ್ಕಿಂತ ಹೆಚ್ಚು ಬೆಳಕು ತೋರಿಸುತ್ತವೆ, ಚಿತ್ರ ಕಪ್ಪಿಡುತ್ತದೆ. ಇಂಥ ಹಳೆಯ ಕ್ಯಾಮೆರಾಗಳ ಬಿಡಿಭಾಗ ತೀರುತ್ತಿರುವಾಗ, 2024ರಲ್ಲಿ ಪೆಂಟಾಕ್ಸ್ 17 ಬಂತು: 36 ಚಿತ್ರಗಳ ರೋಲಿನಲ್ಲಿ 72 ತೆಗೆಯುವ, ಕೈಯಿಂದ ರೀಲು ಸುತ್ತುವ ಹೊಸ ಕ್ಯಾಮೆರಾ. ಅದನ್ನು ರೂಪಿಸುವಾಗ ಕಿರಿಯ ಎಂಜಿನಿಯರುಗಳು ಫಿಲ್ಮ್ ಕಾಲದ ಹಿರಿಯರನ್ನು ಕೇಳಿ ಕಲಿಯಬೇಕಾಯಿತು.