ಡೀಸೆಲ್ ಪಿಕಪ್‌ನ ಫ್ಯೂಯಲ್ ಫಿಲ್ಟರ್ ಯಾವಾಗ ಬದಲಾಯಿಸಬೇಕು: ಅಧ್ಯಯನ ಟಿಪ್ಪಣಿ

ತರಕಾರಿ, ಅಡಿಕೆ, ಸಿಮೆಂಟು ಹೊರುವ ಪಿಕಪ್ ಗಾಡಿಯ ಡೀಸೆಲ್ ಫಿಲ್ಟರನ್ನು ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು ಎಂಬ ಪ್ರಶ್ನೆಗೆ ನಾವು ಒಂದು ಅಂಕಿಯನ್ನು ಬಾಯಿಪಾಠ ಮಾಡಿಕೊಂಡಿರುತ್ತೇವೆ. ಪರೀಕ್ಷೆಗೆ ಅಷ್ಟು ಸಾಕಾಗಬಹುದು. ಆದರೆ ಆ ಅಂಕಿ ಯಾವ ಗಾಡಿಗೆ ಹೊಂದುತ್ತದೆ, ಯಾವುದಕ್ಕೆ ಹೊಂದುವುದಿಲ್ಲ ಎಂದು ಹೇಳಬೇಕಾದರೆ, ಫಿಲ್ಟರ್ ಏನನ್ನು ಕಾಯುತ್ತಿದೆ ಎಂಬುದನ್ನು ಮೊದಲು ತಿಳಿಯಬೇಕು.

ಎಲ್ಲ ಇಂಜೆಕ್ಟರುಗಳಿಗೂ ‘ರೈಲ್’ ಎಂಬ ಒಂದೇ ಪೈಪಿನಿಂದ ಡೀಸೆಲ್ ಹಂಚುವ ಕಾಮನ್ ರೈಲ್ ಎಂಜಿನ್ನಿನಲ್ಲಿ ಪೂರ್ಣ ಲೋಡಿನ ವೇಳೆ ಡೀಸೆಲ್ ಒತ್ತಡವು 1600 ಬಾರ್ ಅಥವಾ ಅದಕ್ಕೂ ಹೆಚ್ಚಿರುತ್ತದೆ. ಡೀಸೆಲ್ಲನ್ನು ಎಂಜಿನ್ನಿನೊಳಗೆ ಸಿಂಪಡಿಸುವ ಇಂಜೆಕ್ಟರಿನ ಒಳಗೆ ಚಲಿಸುವ ಭಾಗಗಳ ನಡುವಿನ ಅಂತರ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ, ಗಾಜಿನ ಲೋಟದಲ್ಲಿ ತಿಳಿಯಾಗಿ ಕಾಣುವ ಡೀಸೆಲ್ ಕೂಡ ಇಂಜೆಕ್ಟರಿನ ಮಟ್ಟಿಗೆ ಶುದ್ಧವಲ್ಲ ಎಂಬುದು ಅರ್ಥವಾಗುತ್ತದೆ. ದೂಳಿನಷ್ಟೇ ಕೆಟ್ಟ ಶತ್ರು ನೀರು. ಇಂಥ ಎಂಜಿನ್ನುಗಳ ಹೈ ಪ್ರೆಶರ್ ಪಂಪುಗಳಲ್ಲಿ ಹೆಚ್ಚಿನವಕ್ಕೆ ಪ್ರತ್ಯೇಕ ಆಯಿಲ್ ಇರುವುದಿಲ್ಲ. ಹರಿದುಹೋಗುವ ಡೀಸೆಲ್ಲೇ ಅವುಗಳಿಗೆ ಜಿಡ್ಡು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಂದ ಬಿಎಸ್-6 (ಹೊಗೆ ಮಾಲಿನ್ಯ ತಗ್ಗಿಸುವ ಸರ್ಕಾರಿ ಮಾನದಂಡ) ಇಂಧನದಲ್ಲಿ ಗಂಧಕದ ಮಿತಿ 50 ಪಿಪಿಎಂನಿಂದ (ಹತ್ತು ಲಕ್ಷ ಭಾಗಕ್ಕೆ 50 ಭಾಗ) 10ಕ್ಕೆ ಇಳಿಯಿತು. ಗಂಧಕವನ್ನು ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್‌ನ ಸಹಜ ಜಿಡ್ಡಿನ ಗುಣವೂ ಕಡಿಮೆಯಾಗುವುದರಿಂದ ಅದನ್ನು ಬೇರೆ ರಾಸಾಯನಿಕ ಬೆರೆಸಿ ಸರಿದೂಗಿಸುತ್ತಾರೆ. ಅಂಥ ಇಂಧನದ ಜಾಗದಲ್ಲಿ ನೀರಿನ ಹನಿಯೇ ಪಂಪಿನೊಳಗೆ ಹೋದರೆ ಲೋಹಕ್ಕೆ ಲೋಹ ಉಜ್ಜುತ್ತದೆ.

ಇನ್ನು ಕಿಲೋಮೀಟರಿನ ಲೆಕ್ಕ. ತಯಾರಕರು ಕೊಡುವ ಅವಧಿ ಗಾಡಿಯಿಂದ ಗಾಡಿಗೆ ಬದಲಾಗುತ್ತದೆ. ಆಯಾ ಮಾದರಿಯ ಕೈಪಿಡಿಯೇ ಇಲ್ಲಿ ಪ್ರಮಾಣ, ಪಕ್ಕದ ಗಾಡಿಯ ಅಂಕಿ ಅಲ್ಲ. ಉದಾಹರಣೆಗೆ 20,000 ಕಿಲೋಮೀಟರ್ ಎಂದು ಇಟ್ಟುಕೊಳ್ಳೋಣ. ಲೀಟರಿಗೆ 12 ಕಿಲೋಮೀಟರ್ ಕೊಡುವ ಗಾಡಿ ಅಷ್ಟು ದೂರಕ್ಕೆ ಸುಮಾರು 1,670 ಲೀಟರ್ ಸುಡುತ್ತದೆ. ಅದೇ ಗಾಡಿ ಸದಾ ಭಾರ ಹೊತ್ತು, ಘಾಟಿ ಹತ್ತಿ ಲೀಟರಿಗೆ 8 ಕೊಟ್ಟರೆ 2,500 ಲೀಟರ್. ಮಂಡಿಯ ಸಾಲಿನಲ್ಲಿ ಎಂಜಿನ್ ಆರಿಸದೆ ನಿಂತ ಗಂಟೆಗಳು ಮೀಟರಿನಲ್ಲಿ ಕಾಣುವುದೇ ಇಲ್ಲ. ಇದಲ್ಲದೆ, ಪಂಪಿಗೆ ಬಂದ ಡೀಸೆಲ್ಲೆಲ್ಲ ಉರಿಯುವುದಿಲ್ಲ, ಒಂದು ಪಾಲು ರಿಟರ್ನ್ ಪೈಪಿನ ಮೂಲಕ ಟ್ಯಾಂಕಿಗೆ ಮರಳಿ ಮತ್ತೆ ಫಿಲ್ಟರಿಗೇ ಬರುತ್ತದೆ. ಅಂದರೆ ಫಿಲ್ಟರ್ ಸೋಸುವುದು ಲೀಟರುಗಳನ್ನು, ನಾವು ಎಣಿಸುವುದು ಕಿಲೋಮೀಟರುಗಳನ್ನು. ಆದ್ದರಿಂದ ಕೈಪಿಡಿಯ ಅಂಕಿಯನ್ನು ಗರಿಷ್ಠ ಮಿತಿಯೆಂದು ಓದುವುದೇ ಸರಿಯೆಂದು ನನಗೆ ತೋರುತ್ತದೆ. ಕ್ಯಾನ್ ಅಥವಾ ಬ್ಯಾರಲಿನಲ್ಲಿ ಶೇಖರಿಸಿದ ಡೀಸೆಲ್ ಹಾಕುವ ಗಾಡಿಗೆ ನಾನಾದರೆ ಅದರ ಅರ್ಧಕ್ಕೇ ಬದಲಾಯಿಸುತ್ತೇನೆ. ಓಡಾಟ ಕಡಿಮೆಯಿದ್ದರೂ ತಿಂಗಳುಗಳ ಮಿತಿ ಕೊಟ್ಟಿದ್ದರೆ, ಯಾವುದು ಮೊದಲೋ ಅದನ್ನು ಪಾಲಿಸಬೇಕು.

ನೀರಿನ ವಿಚಾರಕ್ಕೆ ಈ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ. ಒಂದು ಲೀಟರ್ ಡೀಸೆಲ್‌ನ ತೂಕ ಸುಮಾರು 830 ಗ್ರಾಂ, ನೀರಿನದು 1,000 ಗ್ರಾಂ. ಹಾಗಾಗಿ ನೀರು ಫಿಲ್ಟರಿನ ತಳದ ಬಟ್ಟಲಿನಲ್ಲಿ ಕೂರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನೊಂದಿಗೆ ವಾರಗಟ್ಟಲೆ ನಿಂತ ಗಾಡಿಯ ಟ್ಯಾಂಕಿನೊಳಗಿನ ಗಾಳಿಯ ತೇವವೂ ಹನಿಯಾಗಿ ಇಳಿಯುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ನೀರಿನ ಎಚ್ಚರಿಕೆ ದೀಪ ಹತ್ತಿದರೆ ಸರ್ವಿಸ್ ತಾರೀಖಿಗೆ ಕಾಯದೆ ಕೂಡಲೇ ತಳದ ಡ್ರೈನ್ ಸ್ಕ್ರೂ ಬಿಚ್ಚಿ ನೀರು ಹೊರಬಿಡಬೇಕು. ಬಿಟ್ಟ ಮೇಲೂ ದೀಪ ಬೇಗನೆ ಮರಳಿ ಹತ್ತಿದರೆ ನೀರಿರುವುದು ಟ್ಯಾಂಕಿನಲ್ಲೇ. ಟ್ಯಾಂಕನ್ನು ಸ್ವಚ್ಛಗೊಳಿಸದೆ ಹೊಸ ಫಿಲ್ಟರ್ ಹಾಕುವುದು ದುಡ್ಡು ದಂಡ.

ಲಕ್ಷಣ ನೋಡಿ ಬದಲಾಯಿಸುವುದು ತಡವಾದ ಕ್ರಮ, ಆದರೂ ಲಕ್ಷಣಗಳನ್ನು ಬಿಡಿಸಿ ಓದಲು ಬರಬೇಕು. ಕಟ್ಟಿಕೊಂಡ ಫಿಲ್ಟರ್ ಐಡಲಿಂಗಿನಲ್ಲಿ ತನ್ನ ದೋಷವನ್ನು ಬಚ್ಚಿಡುತ್ತದೆ, ಏಕೆಂದರೆ ಆಗ ಬೇಕಾಗುವ ಡೀಸೆಲ್ ಅತ್ಯಲ್ಪ. ಶಿರಾಡಿಯಂಥ ಏರಿನಲ್ಲಿ ಲೋಡ್ ಹೊತ್ತಾಗ ಮಾತ್ರ ಗಾಡಿ ಎಳೆಯುವುದಿಲ್ಲ. ಚಾಲಕರು ‘ಪಿಕಪ್‌ಗೆ ಪಿಕಪ್ಪೇ ಇಲ್ಲ’ ಎನ್ನುವುದು ಈ ಸ್ಥಿತಿಯನ್ನೇ. ಸ್ಕ್ಯಾನರ್ ಜೋಡಿಸಿ ಅದೇ ಏರಿನಲ್ಲಿ ನೋಡಿದರೆ ಇಸಿಎಂ (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಕೇಳಿದ ರೈಲ್ ಒತ್ತಡಕ್ಕಿಂತ ದೊರೆತ ಒತ್ತಡ ಕೆಳಗಿರುತ್ತದೆ, ರೈಲ್ ಒತ್ತಡ ಕಡಿಮೆ ಎಂದು ಹೇಳುವ ಪಿ0087 ಕೋಡ್ ದಾಖಲಾಗಿರಬಹುದು. ಆದರೆ ಇದೇ ಕೋಡ್ ಸವೆದ ಪಂಪಿನಿಂದಲೂ, ಸೋರುವ ಇಂಜೆಕ್ಟರಿನಿಂದಲೂ ಬರುತ್ತದೆ. ಫಿಲ್ಟರ್ ಅಗ್ಗವಾದ್ದರಿಂದ ಮೊದಲು ಅದನ್ನು ನೋಡುತ್ತೇವೆ, ಅಷ್ಟೇ. ಬೆಳಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆ ಸ್ಟಾರ್ಟ್ ಆಗಿ, ಆಮೇಲೆ ಏರಿನಲ್ಲೂ ಚೆನ್ನಾಗಿ ಎಳೆದರೆ ಪೈಪಿನ ಜಾಯಿಂಟಿನಲ್ಲಿ ಗಾಳಿ ಎಳೆದುಕೊಳ್ಳುತ್ತಿರುವ ಸಾಧ್ಯತೆಯೇ ಹೆಚ್ಚು. ಲಡಾಖಿನ ಚಳಿಯಲ್ಲಿ ಡೀಸೆಲ್‌ನ ಮೇಣ ಹೆಪ್ಪುಗಟ್ಟಿ ಹೊಸ ಫಿಲ್ಟರನ್ನೂ ಮುಚ್ಚಬಹುದು, ನಮ್ಮ ಕಡೆ ಆ ಚಿಂತೆಯಿಲ್ಲ.

ಬದಲಾಯಿಸುವಾಗ ಎರಡು ತಪ್ಪುಗಳು ಹೆಚ್ಚು ನಡೆಯುತ್ತವೆ. ಹೊಸ ಫಿಲ್ಟರಿಗೆ ಕ್ಯಾನಿನ ಡೀಸೆಲ್ ಸುರಿದು ಜೋಡಿಸಿದರೆ, ಸೋಸದ ಡೀಸೆಲ್ ಪಂಪಿನ ಕಡೆಯ ಭಾಗಕ್ಕೆ ನೇರವಾಗಿ ಸೇರುವ ಅಪಾಯವಿದೆ; ಹ್ಯಾಂಡ್ ಪ್ರೈಮರನ್ನು (ಡೀಸೆಲ್ ತುಂಬಿಸುವ ಪುಟ್ಟ ಕೈಪಂಪು) ಅದು ಗಟ್ಟಿಯಾಗುವವರೆಗೆ ಒತ್ತಿ, ಅಥವಾ ಟ್ಯಾಂಕಿನ ಎಲೆಕ್ಟ್ರಿಕ್ ಪಂಪ್ ಇದ್ದರೆ ಇಗ್ನಿಷನ್ ಕೆಲವು ಸಲ ಆನ್ ಮಾಡಿ ತುಂಬಿಸಬೇಕು. ಹಳೆಯ ಎಂಜಿನ್ನಿನಲ್ಲಿ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಏರ್ ಬಿಡುತ್ತಿದ್ದ ಅಭ್ಯಾಸವನ್ನು ಕಾಮನ್ ರೈಲಿನಲ್ಲಿ ಎಂದಿಗೂ ಮಾಡಬಾರದು, ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿ ಒಳಹೋಗುತ್ತದೆ.

ತೆಗೆದ ಫಿಲ್ಟರನ್ನು ಹಾಗೆಯೇ ಗುಜರಿಗೆ ಎಸೆಯದೆ ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಡಿಸಿ ನೋಡಬೇಕು. ಕಂದು ತುಕ್ಕು ಟ್ಯಾಂಕಿನಿಂದ ಬಂದಿರುತ್ತದೆ. ಕಪ್ಪು ಲೋಳೆಯು ನೀರು ಮತ್ತು ಡೀಸೆಲ್ ಕೂಡುವಲ್ಲಿ ಬೆಳೆದ ಸೂಕ್ಷ್ಮಜೀವಿಗಳದ್ದಾಗಿರಬಹುದು. ಹೊಳೆಯುವ ಲೋಹದ ಪುಡಿ ಕಂಡರೆ ಅದು ಬಹುತೇಕ ಹೈ ಪ್ರೆಶರ್ ಪಂಪ್ ಸವೆದು, ರಿಟರ್ನ್ ದಾರಿಯಲ್ಲಿ ಟ್ಯಾಂಕ್ ಸೇರಿ, ಸುತ್ತಿ ಬಂದದ್ದು. ಅಂಥ ಗಾಡಿಯನ್ನು ಹೊಸ ಫಿಲ್ಟರ್ ಹಾಕಿ ಕಳುಹಿಸದೆ ಪಂಪ್ ಪರೀಕ್ಷೆಗೆ ನಿಲ್ಲಿಸಿಕೊಳ್ಳಬೇಕು.