ಲಿವರ್ ಸಿಸ್ಟ್‌ಗೆ ಸೂಜಿ ಹಾಕಿ ನೀರು ತೆಗೆಸಿದ್ರೆ ಸಾಕಲ್ವಾ?

ಪ್ರಶ್ನೆ: ಅಮ್ಮನ ಲಿವರ್‌ನಲ್ಲಿ ದೊಡ್ಡ ಸಿಸ್ಟ್ ಇದೆ, ಒಳಗೆ ಪರದೆಗಳೂ ಇವೆ ಅಂತ ರಿಪೋರ್ಟ್ ಬಂದಿದೆ. ಸರ್ಜನ್ ಪೂರ್ತಿ ತೆಗೀಬೇಕು ಅಂತಾರೆ. ಸೂಜಿ ಹಾಕಿ ನೀರು ತೆಗೆಸಿದ್ರೆ ಆಗಲ್ವಾ?

ಉತ್ತರ: ಮತ್ತೆ ಅದೇ ಸೂಜಿ! ಎಷ್ಟು ಸಲ ಬರೆದ್ರೂ ಈ ಪ್ರಶ್ನೆ ತಪ್ಪಿದ್ದಲ್ಲ, ಇರಲಿ, ಇನ್ನೊಂದ್ಸಲ ಹೇಳ್ತೀನಿ. ಲಿವರ್‌ನಲ್ಲಿ ಕಾಣೋ ಸಿಸ್ಟ್‌ಗಳಲ್ಲಿ ಬಹುಪಾಲು ಸಾದಾ ನೀರಿನ ಗುಳ್ಳೆಗಳು, ತೊಂದರೆ ಕೊಡದಿದ್ರೆ ಅವಕ್ಕೆ ಸೂಜಿನೂ ಬೇಡ ಆಪರೇಷನ್ನೂ ಬೇಡ. ಆದ್ರೆ ಒಳಗೆ ಪರದೆ, ದಪ್ಪ ಗೋಡೆ, ಗೋಡೆಗೆ ಅಂಟಿಕೊಂಡ ಗಂಟು, ಇಂಥದ್ದೇನಾದ್ರೂ ಕಂಡ್ರೆ ಮ್ಯೂಸಿನಸ್ ಸಿಸ್ಟಿಕ್ ನಿಯೋಪ್ಲಾಸಂ, ಅಂದ್ರೆ ಒಳಗೆ ಲೋಳೆ ತುಂಬಿಕೊಳ್ಳೋ ಒಂಥರಾ ಗೆಡ್ಡೆ, ಇರಬಹುದಾ ಅಂತ ನೋಡ್ತಾರೆ. ಹಳೇ ರಿಪೋರ್ಟ್‌ಗಳಲ್ಲಿ ಬಿಲಿಯರಿ ಸಿಸ್ಟಡಿನೋಮಾ ಅಂತಿರುತ್ತೆ. ಲಿವರ್ ಸಿಸ್ಟ್‌ಗಳಲ್ಲಿ ಇವು 100ಕ್ಕೆ 5ಕ್ಕಿಂತ ಕಮ್ಮಿ.

ಈಗ ಸೂಜಿ ವಿಷಯ. ಎಲ್ಲರ ತಲೇಲೂ ಇರೋದು ಒಂದೇ, ನೀರೇ ಕಾಯಿಲೆ, ನೀರು ಹೋದ್ರೆ ಕಾಯಿಲೆ ಹೋಯ್ತು. ಅಲ್ಲಾರೀ, ಆ ನೀರು ಬಂದಿದ್ದೆಲ್ಲಿಂದ? ಗೋಡೆಯ ಒಳಪದರದಲ್ಲಿರೋ ಜೀವಕೋಶಗಳು ದಿನಾ ಲೋಳೆ ಮಾಡ್ತಾನೇ ಇರ್ತವೆ, ಬಾವಿ ನೀರು ಸೇದಿ ಹಾಕಿದ ಮಾತ್ರಕ್ಕೆ ಒರತೆ ನಿಲ್ಲುತ್ತಾ? ಮತ್ತೆ ತುಂಬುತ್ತೆ. ಸಿಸ್ಟ್‌ನ ಮೇಲ್ಭಾಗ ಮಾತ್ರ ಕತ್ತರಿಸಿ ಬಿಟ್ರೂ ಇದೇ ಕಥೆ, ಉಳಿದ ಗೋಡೆಯಿಂದ ಮತ್ತೆ ಬೆಳೆಯುತ್ತೆ, ಆ ಗೋಡೆಯಲ್ಲೇ ಮುಂದೊಂದು ದಿನ ಕ್ಯಾನ್ಸರ್ ಆಗೋ ಸಾಧ್ಯತೆನೂ ಇದೆ, ಅದಕ್ಕೇ ಪೂರ್ತಿ ತೆಗೀತೀವಿ ಅನ್ನೋದು.

"ಟೆಸ್ಟಿಗಾದ್ರೂ ಸ್ವಲ್ಪ ನೀರು ತೆಗೀಬಹುದಲ್ವಾ" ಅಂತೀರಿ, ಗೊತ್ತು. ನೀರಲ್ಲಿ ಜೀವಕೋಶಗಳು ಸಿಗೋದೇ ಕಮ್ಮಿ, ಕ್ಯಾನ್ಸರ್ ಇದ್ರೂ ನಾರ್ಮಲ್ ಅಂತ ಬರಬಹುದು. ಸಿಎ 19-9, ಅಂದ್ರೆ ಕ್ಯಾನ್ಸರ್ ಸುಳಿವಿಗೆ ಅಂತ ಅಳೆಯೋ ಅಂಶ, ನೋಡೋಣ ಅಂದ್ರೆ ಅದು ಸಾದಾ ಸಿಸ್ಟ್‌ನಲ್ಲೂ ಏರುತ್ತೆ. ಸೂಜಿ ದಾರಿಯಲ್ಲಿ ಕೆಟ್ಟ ಕೋಶಗಳು ಹೊಟ್ಟೆಯೊಳಗೆ ಚೆಲ್ಲೋ ಭಯ ಬೇರೆ. ಇನ್ನು ಅದೇನಾದ್ರೂ ಹೈಡಾಟಿಡ್ ಸಿಸ್ಟ್ (ಲಾಡಿಹುಳದ ಮರಿಯಿಂದ ಆಗೋ ಗುಳ್ಳೆ) ಆಗಿದ್ರಂತೂ, ಅದೂ ಒಳಗೆ ಪರದೆ ಇರೋ ಹಾಗೇ ಕಾಣಬಹುದು, ತಯಾರಿ ಇಲ್ಲದೆ ಚುಚ್ಚಿದ್ರೆ ಜೀವಕ್ಕೇ ಅಪಾಯ ಆಗೋ ಅಲರ್ಜಿ ಬರಬಹುದು. ಸೂಜಿಗೂ ಜಾಗ ಇದೆ ಅನ್ನಿ: ಸಾದಾ ಸಿಸ್ಟ್ ದೊಡ್ಡದಾಗಿ ಹೊಟ್ಟೆ ಒತ್ತುತಿದ್ರೆ ನೀರು ತೆಗೆದು ಒಳಪದರ ಸುಡೋ ಔಷಧಿ ಹಾಕ್ತಾರೆ. ಪರದೆ ಗಂಟು ಇರೋದಕ್ಕೆ ಆ ಲೆಕ್ಕ ನಡೆಯಲ್ಲ.

ಪರದೆ ಕಂಡ ತಕ್ಷಣ ಗೆಡ್ಡೆನೇ ಅಂತನೂ ಅಲ್ಲ, ಸಾದಾ ಸಿಸ್ಟ್ ಒಳಗೆ ರಕ್ತ ಸೋರಿದ್ರೂ ಹಾಗೇ ಕಾಣುತ್ತೆ. ಎಂಆರ್‌ಐ ಆಗಿಲ್ಲದಿದ್ರೆ ಮೊದಲು ಅದನ್ನ ಕೇಳಿ.

ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ: ಈ ಗೆಡ್ಡೆ ಬರೋದು ಹೆಚ್ಚುಕಮ್ಮಿ ಹೆಂಗಸರಿಗೇ, ಅದೂ ಹೆಚ್ಚಾಗಿ ಲಿವರ್‌ನ ಎಡಭಾಗದಲ್ಲಿ. ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರೆ ಲೋಳೆ ಪದರದ ಕೆಳಗೆ ಥೇಟ್ ಅಂಡಾಶಯದಲ್ಲಿರೋ ಥರದ ಅಂಗಾಂಶ, ಲಿವರ್ ಒಳಗೆ! 2010ರ ಡಬ್ಲ್ಯುಎಚ್‌ಒ ವರ್ಗೀಕರಣದ ಪ್ರಕಾರ ಅದು ಇದ್ರೆ ಮಾತ್ರ ಈ ಹೆಸರು ಕೊಡೋದು. ಹಾಗಾಗಿ ಗಂಡಸರ ರಿಪೋರ್ಟ್‌ನಲ್ಲಿ ಇದೇ ಹೆಸರು ಬಂದ್ರೆ ಸ್ಲೈಡ್ ಇನ್ನೊಂದ್ಸಲ ನೋಡಿಸಿ, ಅದು ಪಿತ್ತನಾಳದೊಳಗೇ ಬೆಳೆಯೋ ಬೇರೆ ಜಾತಿ ಗೆಡ್ಡೆ ಇರಬಹುದು, ಅದಕ್ಕಾದ್ರೆ ಸಿಸ್ಟ್ ಜೊತೆ ಪಿತ್ತನಾಳ ಪೂರ್ತಿ ನೋಡಬೇಕಾಗುತ್ತೆ.